ಅಂಟಾರ್ಕ್ಟಿಕಾದಲ್ಲಿ ಹಿಮ ಹೆಚ್ಚುತ್ತಿದೆಯೇ? ಸತ್ಯಾಂಶ
‘ಅಂಟಾರ್ಕ್ಟಿಕಾದಲ್ಲಿ ಹಿಮ ಹೆಚ್ಚುತ್ತಲೇ ಇದೆ, ಭೂಮಿ ಬಿಸಿಯಾಗುತ್ತಿರುವುದು ಸುಳ್ಳು’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಅದು ನೆಚ್ಚಿಕೊಂಡಿರುವುದು ಹಳೆಯ ಅಂಕಿಯನ್ನು. 2014ರ ಸೆಪ್ಟೆಂಬರ್‌ನಲ್ಲಿ, ಅಂದರೆ ಅಲ್ಲಿನ ಚಳಿಗಾಲದ ಕೊನೆಯಲ್ಲಿ, ಸಮುದ್ರದ ಹಿಮ 2 ಕೋಟಿ ಚದರ ಕಿ.ಮೀ. ದಾಟಿದ್ದು ನಿಜ. ಆದರೆ 2023ರ ಸೆಪ್ಟೆಂಬರ್‌ನಲ್ಲಿ ಅದು 1.7 ಕೋಟಿಯನ್ನೂ ಮುಟ್ಟಲಿಲ್ಲ. ಉಪಗ್ರಹಗಳ ನಿರಂತರ ದಾಖಲೆಯಲ್ಲಿ ಚಳಿಗಾಲದ ಹಿಮ ಅಷ್ಟು ಕುಗ್ಗಿದ್ದು ಅದೇ ಮೊದಲು. ನೆಲದ ಮೇಲಿನ ಹಿಮರಾಶಿಯಂತೂ ಒಟ್ಟಾರೆ ಕರಗುತ್ತಲೇ ಇದೆ.

ಇದು ಬರೀ ಅಂಕಿಗಳ ಜಗಳವಲ್ಲ. ಎಂಪರರ್ ಪೆಂಗ್ವಿನ್‌ಗಳು ಮರಿ ಬೆಳೆಸುವುದು ದಡಕ್ಕೆ ಅಂಟಿದ ಸಮುದ್ರದ ಹಿಮದ ಮೇಲೆ. ಮರಿಗಳಿಗೆ ನೀರು ತಡೆಯುವ ಗರಿ ಮೂಡುವುದು ಡಿಸೆಂಬರ್ ಹೊತ್ತಿಗೆ. ಅದಕ್ಕೂ ಮೊದಲೇ ಹಿಮ ಒಡೆದರೆ ಅವು ಬದುಕುವುದು ಕಷ್ಟ. 2022ರಲ್ಲಿ ಅಂಟಾರ್ಕ್ಟಿಕಾದ ಅಂಚಿನ ಬೆಲಿಂಗ್ಸ್‌ಹೌಸನ್ ಸಮುದ್ರದಲ್ಲಿ ಆದದ್ದು ಇದೇ: ಗಮನಿಸಿದ ಐದು ಪೆಂಗ್ವಿನ್ ನೆಲೆಗಳ ಪೈಕಿ ನಾಲ್ಕರಲ್ಲಿ ಒಂದು ಮರಿಯೂ ಉಳಿದಂತಿಲ್ಲ.