ನನ್ನ ಬಸಳೆ ಬೇಲಿಯಾಚೆ

ಒಂಬತ್ತು ವಾರವಾಯಿತು. ಸಿಡ್ನಿಯಲ್ಲಿ ನಮ್ಮ ಬೀದಿಯ ತುದಿಗಿರುವ ಉದ್ಯಾನಕ್ಕೆ ತಂತಿಬೇಲಿ ಬಿಗಿದು ‘ತಾತ್ಕಾಲಿಕವಾಗಿ ಮುಚ್ಚಲಾಗಿದೆ’ ಎಂದು ಫಲಕ ತೂಗುಹಾಕಿದ್ದಾರೆ. ಮಣ್ಣಿನಡಿ ಆಸ್ಬೆಸ್ಟಾಸ್ ಹೂತಿದೆಯಂತೆ. ಈಗ ಗೊತ್ತಾಯಿತಂತೆ!

ಅಲ್ಲಿನ ಸಮುದಾಯ ತೋಟದಲ್ಲಿ ಎರಡು ಮಡಿ ನನ್ನವು. ಆರು ವರ್ಷ ಅಗೆದಿದ್ದೇನೆ. ಬಸಳೆ ಚಪ್ಪರಕ್ಕೆ ಗುಣಿ ತೋಡುವಾಗ ಬೂದುಬಣ್ಣದ ಚೂರುಗಳು ಸಿಗುತ್ತಿದ್ದವು. ಯಾವುದೋ ಒಡೆದ ಹೆಂಚೆಂದು ಬದಿಗೆ ಎಸೆಯುತ್ತಿದ್ದೆ. ಅವನ್ನೇ ಹೆಕ್ಕಿಕೊಂಡು ಮಗಳು ಕುಂಟೆಬಿಲ್ಲೆ ಆಡಿದ್ದಾಳೆ. ಸೊಪ್ಪು ತಿಂದದ್ದು ನನ್ನ ಚಿಂತೆಯಲ್ಲ, ಆಸ್ಬೆಸ್ಟಾಸಿನ ನಾರು ಬೇರಿನಿಂದ ಎಲೆಗೆ ಏರುವಂಥದ್ದಲ್ಲ. ಒಣಮಣ್ಣು ಕೆದಕಿದಾಗ ಧೂಳಿನೊಂದಿಗೆ ಶ್ವಾಸಕೋಶಕ್ಕೆ ಇಳಿಯುವುದೇ ಅದರ ಕೇಡು. ರೋಗ ತಲೆಯೆತ್ತಲು ಮೂವತ್ತು, ನಲವತ್ತು ವರ್ಷ ಬೇಕಾಗಬಹುದು. ಉದ್ಯಾನ ನೋಡಿಕೊಳ್ಳುವ ಕಚೇರಿಗೆ ಫೋನ್ ಮಾಡಿದರೆ ‘ಅಪಾಯ ತೀರಾ ಕಡಿಮೆ’ ಎನ್ನುತ್ತಾರೆ. ಹಾಗಾದರೆ ಒಳಗೆ ಹೋಗುವ ನಿಮ್ಮವರು ಮೂಗುಬಾಯಿ ಮುಚ್ಚಿ, ಅಡಿಯಿಂದ ಮುಡಿಯವರೆಗೆ ಬಿಳಿ ಉಡುಪು ತೊಡುವುದೇಕೆ ಸ್ವಾಮಿ?

ಗೊತ್ತಿರಲಿಲ್ಲ ಎಂಬುದನ್ನು ನಾನು ನಂಬುವುದಿಲ್ಲ. ಪಕ್ಕದ ಮನೆಯ ಅಜ್ಜನಿಗೆ ಗೊತ್ತಿತ್ತು: ಅವರು ಹುಡುಗನಾಗಿದ್ದಾಗ ಅದು ಇಟ್ಟಿಗೆ ಮಣ್ಣು ತೆಗೆದ ಹೊಂಡ, ಕೆಡವಿದ ಫೈಬ್ರೊ (ಆಸ್ಬೆಸ್ಟಾಸ್ ಬೆರೆಸಿದ ಸಿಮೆಂಟ್ ಹಲಗೆ) ಮನೆಗಳ ಗೋಡೆಗಳನ್ನು ಲಾರಿಗಟ್ಟಲೆ ಸುರಿಯುತ್ತಿದ್ದರಂತೆ. ಆಮೇಲೆ ಹುಲ್ಲು ಹಾಸಿದರು, ಬೆಂಚು ಹಾಕಿದರು, ಉದ್ಯಾನವೆಂದು ಕರೆದರು. ಆಸ್ಬೆಸ್ಟಾಸ್ ಇಲ್ಲಿ ಪೂರ್ತಿ ನಿಷೇಧವಾದದ್ದು 2003ರ ಕೊನೆಯ ದಿನ. ಸಿಡ್ನಿಯದೇ ಬಡಾವಣೆ ರೋಝೆಲ್‌ನ ಹೊಸ ಉದ್ಯಾನ 2023ರ ಡಿಸೆಂಬರ್‌ನಲ್ಲಿ ತೆರೆದು, ಗಿಡಗಳ ಬುಡಕ್ಕೆ ಹರಡಿದ ಮರದ ಚಕ್ಕೆಯಲ್ಲಿ ಇದೇ ಪೀಡೆ ಸಿಕ್ಕಿ, ಜನವರಿಯಲ್ಲೇ ಮುಚ್ಚಿತು. ಆಮೇಲೆ ಶಾಲೆಗಳೂ ಸೇರಿ ಹತ್ತಾರು ಕಡೆ ಸಿಕ್ಕಿತು. ಊರಿಗೆ ಊರೇ ಬೆಚ್ಚಿದ್ದಾಗಲೂ ನಮ್ಮ ಹೊಂಡದ ಹಳೆಯ ಕಡತವನ್ನು ಯಾರೂ ಬಿಚ್ಚಲಿಲ್ಲ. ಹೊರಗಿನಿಂದ ಬಂದ ನಾವು ಮಾತ್ರ ಏನೂ ಅರಿಯದೆ ಗುದ್ದಲಿ ಹಿಡಿದೆವು.

ಅಮ್ಮನಿಗೆ ಹೇಳಿದರೆ, ‘ಅಯ್ಯೋ, ನಮ್ಮ ಕೊಟ್ಟಿಗೆಗೆ ಹೊದಿಸಿರುವುದೂ ಅದೇ ಶೀಟಲ್ಲವೇನೋ’ ಎಂದಳು. ಹೌದು, ಭಾರತದಲ್ಲಿ ಅದು ಇಂದಿಗೂ ಅಂಗಡಿಯಲ್ಲಿ ಸಿಗುತ್ತದೆ. ಅದರ ಸಿಟ್ಟು ಇನ್ನೊಂದು ದಿನಕ್ಕಿರಲಿ.

ಬೇಲಿಯ ಸಂದಿನಿಂದ ನೋಡಿದರೆ ಬಸಳೆ ಹಣ್ಣು ಕಪ್ಪಾಗಿ ಉದುರುತ್ತಿದೆ. ಬೀಜಕ್ಕೆಂದು ನಾಲ್ಕು ಹಣ್ಣು ಕೇಳಿದರೂ ಕೊಡಲಿಲ್ಲ. ನಿನ್ನೆ ಅದೇ ಕಚೇರಿಯಿಂದ ಕಾಗದ ಬಂತು. ಎಂದು ತೆರೆಯುತ್ತಾರೆ ಎಂದು ಬರೆದಿರಬಹುದೆಂದು ಆಸೆಯಿಂದ ಒಡೆದೆ. ಮುಂದಿನ ವರ್ಷದ ಮಡಿ ಬಾಡಿಗೆಯನ್ನು ತಿಂಗಳೊಳಗೆ ಕಟ್ಟಬೇಕಂತೆ.