ಬಿಟ್ಟ ಮೇಲೂ ಮತ್ತೆ ಶುರು ಮಾಡಬಲ್ಲೆ ಅನ್ನುವ ನಂಬಿಕೆ

"ನಿನ್ನನ್ನು ನೀನು ನಂಬು, ಉಳಿದದ್ದೆಲ್ಲ ತಾನಾಗಿ ಆಗುತ್ತೆ." ಫಿಟ್‌ನೆಸ್ ಬಗ್ಗೆ ಯಾವ ವಿಡಿಯೋ ತೆಗೆದರೂ ಈ ಮಾತು ಬಂದೇ ಬರುತ್ತದೆ. ಮೊದಲರ್ಧವನ್ನು ನಾನು ಪೂರ್ತಿ ಒಪ್ಪುತ್ತೇನೆ. ಎರಡನೇ ಅರ್ಧದ ಬಗ್ಗೆ ನನ್ನ ತಕರಾರಿದೆ. ನಂಬಿಕೆ ಬೇಕೇ ಬೇಕು. ಆದರೆ ಯಾವುದರ ಮೇಲೆ ನಂಬಿಕೆ? ಅದು ಬರುವುದಾದರೂ ಎಲ್ಲಿಂದ? ಇದನ್ನು ಹೇಳುವವರು ಕಡಿಮೆ. ಹಾಗಾಗಿ ಉತ್ಸಾಹದಿಂದ ವ್ಯಾಯಾಮ ಶುರು ಮಾಡಿ ಮಧ್ಯದಲ್ಲಿ ನಿಲ್ಲಿಸಿದ ಎಷ್ಟೋ ಜನ, "ನನಗೆ ಆತ್ಮವಿಶ್ವಾಸವೇ ಇಲ್ಲ, ಇದೆಲ್ಲ ನನ್ನಂಥವರಿಗಲ್ಲ" ಅಂತ ತಮ್ಮನ್ನೇ ಹಳಿದುಕೊಂಡು ಕೂರುತ್ತಾರೆ. ನೋಡಿದಾಗೆಲ್ಲ ಸಂಕಟವಾಗುತ್ತದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಆಲ್ಬರ್ಟ್ ಬಂಡೂರ ಎಂಬ ಮನಶ್ಶಾಸ್ತ್ರಜ್ಞರು 1977ರಲ್ಲಿ ಒಂದು ಪ್ರಬಂಧ ಬರೆದರು. ವ್ಯಾಯಾಮ ಮತ್ತು ಮನಸ್ಸಿನ ಸಂಬಂಧದ ಬಗ್ಗೆ ಇವತ್ತು ನಡೆಯುವ ಚರ್ಚೆಯಲ್ಲಿ ಅದರ ಪ್ರಭಾವ ದೊಡ್ಡದು. ಅವರು ಮಾತಾಡಿದ್ದು "ನಾನು ಒಳ್ಳೆಯವನು, ನಾನು ಗಟ್ಟಿಗ" ಅನ್ನುವ ಒಟ್ಟಾರೆ ಹೆಮ್ಮೆಯ ಬಗ್ಗೆ ಅಲ್ಲ. "ಈ ಒಂದು ಕೆಲಸ ನನ್ನ ಕೈಲಾಗುತ್ತೆ" ಅನ್ನುವ ನಂಬಿಕೆಯ ಬಗ್ಗೆ. ಸಾವಿರ ಜನರ ಮುಂದೆ ನಿಂತು ಭಾಷಣ ಮಾಡುವವರಿಗೂ ಐದು ನಿಮಿಷ ಓಡಬಲ್ಲೆ ಅನ್ನುವ ಧೈರ್ಯ ಇರದೇ ಇರಬಹುದು. ಎರಡೂ ಬೇರೆ ಬೇರೆ.

ಈ ನಂಬಿಕೆ ನಾಲ್ಕು ಕಡೆಯಿಂದ ಬರುತ್ತದೆ ಅಂತ ಬಂಡೂರ ಹೇಳಿದರು. ನಾವೇ ಮಾಡಿ ನೋಡಿದ್ದು, ನಮ್ಮಂಥವರು ಮಾಡಿದ್ದನ್ನು ಕಂಡದ್ದು, ಬೇರೆಯವರ ಮಾತು, ಮತ್ತು ನಮ್ಮ ಮೈ ಕೊಡುವ ಸೂಚನೆಯನ್ನು ನಾವು ಅರ್ಥ ಮಾಡಿಕೊಳ್ಳುವ ರೀತಿ. ಇದರಲ್ಲಿ ಎಲ್ಲಕ್ಕಿಂತ ಬಲವಾದದ್ದು ಮೊದಲನೆಯದು. ಹುರಿದುಂಬಿಸುವ ವಿಡಿಯೋಗಳು ನಮಗೆ ಕೊಡುವುದು ಹೆಚ್ಚಾಗಿ ಮೂರನೆಯದನ್ನು. ಮಾತನ್ನು. ಅದು ಒಂದು ಬೆಳಗ್ಗೆ ಎಬ್ಬಿಸಬಹುದು. ಮೈಕೈ ನೋಯುವ ಮೂರನೇ ಬೆಳಗ್ಗೆ ಅದರ ಸದ್ದಿರುವುದಿಲ್ಲ.

ನನ್ನ ಜೊತೆ ವ್ಯಾಯಾಮ ಮಾಡುವ ಒಬ್ಬ ಅಕ್ಕ ಇದ್ದಾರೆ. ವಯಸ್ಸು ಐವತ್ತರ ಆಸುಪಾಸು. ಪುಷ್‌ಅಪ್ ಅಂದರೆ "ಅದು ಹುಡುಗರದ್ದು ಕಣಪ್ಪಾ, ನನ್ನ ಕೈಲಿ ಎಲ್ಲಾಗುತ್ತೆ" ಅನ್ನುತ್ತಿದ್ದರು. ಯಾರೂ ಅವರಿಗೆ ಉಪದೇಶ ಮಾಡಲಿಲ್ಲ. ಗೋಡೆಗೆ ಅಂಗೈ ಊರಿ, ಒಂದು ಹೆಜ್ಜೆ ಹಿಂದೆ ನಿಂತು, ಮೊಣಕೈ ಮಡಚಿ ಎದೆಯನ್ನು ಗೋಡೆಯ ಹತ್ತಿರ ತಂದು ಮತ್ತೆ ತಳ್ಳಿ ಅಂದೆವು. ಅದು ಸಲೀಸಾಗಿ ಆಯಿತು. ಸ್ವಲ್ಪ ದಿನ ಕಳೆದ ಮೇಲೆ ಗೋಡೆಯ ಬದಲು ಗಟ್ಟಿ ಮೇಜಿನ ಅಂಚು. ಆಮೇಲೆ ಅದಕ್ಕಿಂತ ತಗ್ಗಿನ ಬೆಂಚು. ಕೈ ಕೆಳಗೆ ಹೋದಷ್ಟೂ ಮೈಭಾರ ಕೈಮೇಲೆ ಜಾಸ್ತಿ ಬೀಳುತ್ತದೆ, ಅಷ್ಟೇ ಲೆಕ್ಕ. ನೆಲಕ್ಕೆ ಬಂದಾಗ "ಕೆಳಗೆ ಹೋಗ್ತೀನಿ, ಮೇಲೆ ಬರೋಕಾಗ್ತಿಲ್ಲ" ಅಂದರು. ಸರಿ, ಮೇಲೆ ಬರಲೇಬೇಡಿ ಅಕ್ಕಾ, ನಿಧಾನಕ್ಕೆ ಇಳಿಯಿರಿ ಸಾಕು ಅಂದೆವು. ಸ್ನಾಯುಗಳಿಗೆ ಭಾರವನ್ನು ಎತ್ತುವುದಕ್ಕಿಂತ ಹಿಡಿದು ಇಳಿಸುವ ತಾಕತ್ತು ಹೆಚ್ಚು. ಇಳಿಯುತ್ತಾ ಇಳಿಯುತ್ತಾ ಹತ್ತುವ ಬಲವೂ ಬರುತ್ತದೆ.

ಒಂದು ದಿನ ಅವರು ಇಳಿದರು, ನೆಲದ ಹತ್ತಿರ ತೋಳು ನಡುಗಿತು, ಸೊಂಟ ಸ್ವಲ್ಪ ಜೋತುಬಿತ್ತು, ಮತ್ತೆ ನೆಟ್ಟಗಾಯಿತು, ಮೇಲೆ ಬಂದರು. ಯಾರೂ ಎಣಿಸಿರಲಿಲ್ಲ. ಅವರೇ ಎದ್ದು ಕೂತು, "ಏಯ್, ಬಂದೆ ಅಲ್ವಾ?" ಅಂದರು. ಆಮೇಲೆ ಅವರಿಗೆ ಯಾರೂ ನಂಬು ಅಂತ ಹೇಳುವ ಅಗತ್ಯವೇ ಬೀಳಲಿಲ್ಲ. ಮುಂದಿನ ವಾರ ತಾವಾಗಿಯೇ ದೊಡ್ಡ ಡಂಬೆಲ್ ಕೈಗೆತ್ತಿಕೊಂಡರು.

ಇಲ್ಲಿ ಇನ್ನೊಂದು ವಿಷಯ ತಿಳಿದಿದ್ದರೆ ಒಳ್ಳೆಯದು. ವ್ಯಾಯಾಮ ಶುರು ಮಾಡಿದ ಮೊದಲ ಕೆಲವು ವಾರಗಳಲ್ಲಿ ಹೆಚ್ಚುವ ಬಲ ಬಹುಪಾಲು ನರಮಂಡಲದ ಕಲಿಕೆ. ಇರುವ ಸ್ನಾಯುವನ್ನೇ ಹೆಚ್ಚು ಚೆನ್ನಾಗಿ ಬಳಸಲು ಮೆದುಳು, ನರ ಕಲಿಯುತ್ತವೆ. ಸ್ನಾಯು ಕಣ್ಣಿಗೆ ಕಾಣುವಷ್ಟು ಬೆಳೆಯಲು ಇನ್ನೂ ಸಮಯ ಬೇಕು. ಅಂದರೆ ಕನ್ನಡಿಯಲ್ಲಿ ಏನೂ ಬದಲಾಗಿರುವುದಿಲ್ಲ, ಆದರೆ ನೀವು ನಿಜವಾಗಿಯೂ ಗಟ್ಟಿಯಾಗಿರುತ್ತೀರಿ. ಕನ್ನಡಿಯನ್ನೇ ನಂಬಿ ಕೂತವರು ಈ ಹಂತದಲ್ಲೇ ಕೈಬಿಡುತ್ತಾರೆ. ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಇವತ್ತು ಎಷ್ಟು ಮಾಡಿದೆ ಅಂತ ಬರೆದಿಡಿ. ಹಿಂದಿನ ಪುಟ ತಿರುವಿ ನೋಡಿದರೆ ಸಾಕು, ನಿಮ್ಮ ಕೈಬರಹವೇ ನಿಮಗೆ ಸಾಕ್ಷಿ ಹೇಳುತ್ತದೆ.

ತೂಕದ ಯಂತ್ರದ ಬಗ್ಗೆಯೂ ಇದೇ ಮಾತು. ಮೈಯಲ್ಲಿರುವ ನೀರು, ಉಪ್ಪು, ಹೊಟ್ಟೆಯಲ್ಲಿರುವ ಊಟ ಇದರಿಂದಲೇ ತೂಕ ಒಂದೆರಡು ಕಿಲೋ ಆಚೀಚೆ ಆಗುತ್ತದೆ. ವಾರವಿಡೀ ಶ್ರದ್ಧೆಯಿಂದ ನಡೆದವರಿಗೆ ಒಂದು ಬೆಳಗ್ಗೆ ಆ ಮುಳ್ಳು ಮೇಲೇರಿದ್ದು ಕಂಡರೆ ಎದೆ ಒಡೆಯುತ್ತದೆ. ನಿಮ್ಮ ನಂಬಿಕೆಯನ್ನು ಅದರ ಕೈಗೆ ಕೊಡಬೇಡಿ.

ಬಂಡೂರ ಹೇಳಿದ ನಾಲ್ಕನೆಯ ಮೂಲ, ಮೈಯ ಸೂಚನೆ. ಇದನ್ನು ತುಂಬಾ ಜನ ತಪ್ಪಾಗಿ ಓದುತ್ತಾರೆ. ಓಡಲು ಶುರು ಮಾಡಿದ ಕೂಡಲೇ ಏದುಸಿರು ಬರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, "ನನಗೆ ದಮ್ಮೇ ಇಲ್ಲ" ಅಂತ ನಿಲ್ಲಿಸಿಬಿಡುತ್ತಾರೆ. ಆದರೆ ಹದವಾದ ವೇಗದಲ್ಲೂ ಮೈಗೆ ಬೇಕಾದಷ್ಟು ಆಮ್ಲಜನಕ ಒದಗಿ ಒಂದು ಲಯಕ್ಕೆ ಬರಲು ಎರಡು ಮೂರು ನಿಮಿಷ ಹಿಡಿಯುತ್ತದೆ. ಮೊದಲ ನಿಮಿಷಗಳು ಎಲ್ಲರಿಗೂ ಕಷ್ಟವೇ. ವರ್ಷಗಟ್ಟಲೆ ಓಡಿದವರಿಗೂ. ಅವರಿಗೆ ಇದು ಸ್ವಲ್ಪ ಹೊತ್ತಿನದು ಅಂತ ಗೊತ್ತಿರುತ್ತದೆ, ಹೊಸಬರಿಗೆ ಗೊತ್ತಿರುವುದಿಲ್ಲ. ಹಾಗೆಯೇ ಹೊಸ ವ್ಯಾಯಾಮ ಮಾಡಿದ ಒಂದರಿಂದ ಮೂರು ದಿನದೊಳಗೆ ಸ್ನಾಯು ನೋವು ಜೋರಾಗುತ್ತದೆ, ಆಮೇಲೆ ತಾನಾಗಿ ಇಳಿಯುತ್ತದೆ. "ನನ್ನ ಮೈ ಇದಕ್ಕೆ ಹೇಳಿದ್ದಲ್ಲ" ಅಂತ ತೀರ್ಮಾನಿಸಲು ಅದು ಕಾರಣವಲ್ಲ.

ಇದರ ಪಕ್ಕದಲ್ಲೇ ಇನ್ನೊಂದು ಮಾತು ಹೇಳದೆ ಹೋದರೆ ತಪ್ಪಾಗುತ್ತದೆ. ಎದೆನೋವು, ತಲೆಸುತ್ತು, ಕೀಲಿನಲ್ಲಿ ಚುಚ್ಚಿದಂಥ ನೋವು ಬಂದರೆ ನಿಲ್ಲಿಸಿ, ಡಾಕ್ಟರ್ ಹತ್ತಿರ ಹೋಗಿ. ಆತ್ಮವಿಶ್ವಾಸದಿಂದ ದಾಟುವ ನೋವುಗಳಲ್ಲ ಇವು. "ನೋವನ್ನು ಮೀರು" ಅಂತ ಕೂಗುವವರು ಎರಡಕ್ಕೂ ವ್ಯತ್ಯಾಸ ಹೇಳಿಕೊಡದಿದ್ದರೆ ಅವರ ಮಾತು ಕೇಳಬೇಡಿ.

ನಂಬಿಕೆಯ ಶಕ್ತಿಗೆ ಉದಾಹರಣೆಯಾಗಿ ಎಲ್ಲರೂ ಹೇಳುವ ಕಥೆ ಇಂಗ್ಲೆಂಡಿನ ಓಟಗಾರ ರೋಜರ್ ಬ್ಯಾನಿಸ್ಟರ್ ಅವರದು. 1954ರ ಮೇ 6ರಂದು ಆಕ್ಸ್‌ಫರ್ಡ್‌ನಲ್ಲಿ ಅವರು ಒಂದು ಮೈಲಿಯನ್ನು 3 ನಿಮಿಷ 59.4 ಸೆಕೆಂಡಿನಲ್ಲಿ ಓಡಿದರು. ನಾಲ್ಕು ನಿಮಿಷದೊಳಗೆ ಮೈಲಿ ಓಡಿದ ಮೊದಲಿಗರು. ಮುಂದಿನ ತಿಂಗಳೇ, ಜೂನ್ 21ಕ್ಕೆ, ಆಸ್ಟ್ರೇಲಿಯಾದ ಓಟಗಾರ ಜಾನ್ ಲ್ಯಾಂಡಿ ಫಿನ್‌ಲ್ಯಾಂಡಿನ ಟುರ್ಕುವಿನಲ್ಲಿ ಅದಕ್ಕಿಂತ ವೇಗವಾಗಿ ಓಡಿದರು. "ನೋಡಿ, ಮನಸ್ಸಿನ ಗೋಡೆ ಒಡೆಯಿತು, ಉಳಿದವರೂ ನುಗ್ಗಿದರು" ಅಂತ ಕಥೆ ಮುಗಿಸುತ್ತಾರೆ.

ನನಗೆ ಹಿಡಿಸುವುದು ಈ ಕಥೆಯ ಹಿಂದಿನ ಭಾಗ. ಬ್ಯಾನಿಸ್ಟರ್ ಆಗ ವೈದ್ಯಕೀಯ ವಿದ್ಯಾರ್ಥಿ. ದಿನದಲ್ಲಿ ಸಿಗುತ್ತಿದ್ದ ಸ್ವಲ್ಪ ಸಮಯದಲ್ಲೇ ತರಬೇತಿ. ಕಾಲು ಮೈಲಿಯ ಓಟವನ್ನು ಹತ್ತು ಸಲ, ನಡುನಡುವೆ ಸ್ವಲ್ಪ ಬಿಡುವು ಕೊಟ್ಟು ಓಡುತ್ತಿದ್ದರು. ಒಂದೊಂದು ಸುತ್ತೂ 60 ಸೆಕೆಂಡಿಗಿಂತ ಕೆಳಗೆ ಬರಬೇಕಿತ್ತು. 61ರ ಹತ್ತಿರ ಬಂದು ಸಿಕ್ಕಿಕೊಂಡಿತು, ಇಳಿಯಲೇ ಇಲ್ಲ. ಆಗ ಅವರು ಗೆಳೆಯ ಕ್ರಿಸ್ ಬ್ರಾಶರ್ ಜೊತೆ ಓಟ ಬಿಟ್ಟು ಕೆಲವು ದಿನ ಸ್ಕಾಟ್ಲೆಂಡಿಗೆ ಬೆಟ್ಟ ಹತ್ತಲು ಹೋದರು. ಬಂದು ಮತ್ತೆ ಓಡಿದಾಗ 59ಕ್ಕೆ ಇಳಿಯಿತು. ಓಟದ ದಿನ ಮುಂದೆ ಓಡಿ ವೇಗ ಹಿಡಿದುಕೊಟ್ಟವರು ಇದೇ ಬ್ರಾಶರ್ ಮತ್ತು ಕ್ರಿಸ್ ಚಾಟವೇ. ಅಂದರೆ ಆ ದಿನ ಬ್ಯಾನಿಸ್ಟರ್ ಒಳಗಿದ್ದ ನಂಬಿಕೆ ಬರಿಗೈಯದಾಗಿರಲಿಲ್ಲ. ಅದರ ಹಿಂದೆ ಅಷ್ಟೂ ಸುತ್ತುಗಳಿದ್ದವು, ವಿಶ್ರಾಂತಿ ಇತ್ತು, ಇಬ್ಬರು ಗೆಳೆಯರಿದ್ದರು. ಲ್ಯಾಂಡಿ ಕೂಡ ಅದಕ್ಕೆ ಮೊದಲೇ 4 ನಿಮಿಷ 2 ಸೆಕೆಂಡಿನ ಆಸುಪಾಸಿನಲ್ಲಿ ಹಲವು ಸಲ ಓಡಿದ್ದವರು.

ನಮ್ಮ ನಿಮ್ಮಂಥವರಿಗೆ ಇದೇ ರೀತಿಯ ಒಂದು ಏಣಿ ಇದೆ. 1996ರಲ್ಲಿ ಜಾಶ್ ಕ್ಲಾರ್ಕ್ ಎಂಬ ಅಮೆರಿಕನ್ ರೂಪಿಸಿದ 'ಕೌಚ್ ಟು 5ಕೆ', ಅಂದರೆ ಓಡಿಯೇ ಗೊತ್ತಿಲ್ಲದವರನ್ನು ಐದು ಕಿಲೋಮೀಟರ್ ಓಟಕ್ಕೆ ತರುವ ಒಂಬತ್ತು ವಾರದ ಕ್ರಮ. ಮೊದಲ ವಾರ ಓಡುವುದು ಒಂದು ಸಲಕ್ಕೆ ಬರೀ 60 ಸೆಕೆಂಡು, ನಡೆಯುವುದು 90 ಸೆಕೆಂಡು. ಐದನೇ ವಾರದ ಎರಡನೇ ದಿನ ಎಂಟು ನಿಮಿಷದ ಎರಡು ಓಟ. ಅದೇ ವಾರದ ಮೂರನೇ ದಿನ, ನಡಿಗೆಯೇ ಇಲ್ಲದೆ ಇಪ್ಪತ್ತು ನಿಮಿಷ ಒಂದೇ ಸಮನೆ ಓಟ! ಪಟ್ಟಿ ನೋಡಿದವರಿಗೆ ಆ ದಿನದ ಭಯ ವಾರಕ್ಕೆ ಮುಂಚೆಯೇ ಶುರುವಾಗುತ್ತದೆ. ಆದರೆ ಅಲ್ಲಿಯವರೆಗಿನ ಓಟಗಳನ್ನೆಲ್ಲ ಮುಗಿಸಿದ ಎಷ್ಟೋ ಜನ ಅದನ್ನೂ ಮುಗಿಸುತ್ತಾರೆ. ಮುಗಿಸಿ ಬಂದವರ ಮುಖ ನೋಡಬೇಕು ನೀವು. ನಿಧಾನವಾಗಿ ಓಡಿದರೂ ಪರವಾಗಿಲ್ಲ. ಆ ದಿನ ಆಗದಿದ್ದರೆ ಅದೇ ವಾರವನ್ನು ಮತ್ತೊಮ್ಮೆ ಮಾಡಿ, ಯಾರೂ ಬೇಡ ಅನ್ನುವುದಿಲ್ಲ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಮಾತಿಗೆ ಬರುತ್ತೇನೆ. ರಾಲ್ಫ್ ಶ್ವಾರ್ಜರ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞರು ಈ ನಂಬಿಕೆಯನ್ನು ಹಂತಕ್ಕೆ ತಕ್ಕಂತೆ ಬೇರೆ ಮಾಡಿ ನೋಡಿದರು. ಶುರು ಮಾಡಬಲ್ಲೆ ಅನ್ನುವುದು ಒಂದು. ಅಡ್ಡಿ ಬಂದರೂ ಮುಂದುವರಿಸಬಲ್ಲೆ ಅನ್ನುವುದು ಇನ್ನೊಂದು. ತಪ್ಪಿಹೋದ ಮೇಲೂ ಮತ್ತೆ ಹಿಡಿಯಬಲ್ಲೆ ಅನ್ನುವುದು ಮೂರನೆಯದು. ಮೊದಲನೆಯದು ನಮ್ಮಲ್ಲಿ ಧಾರಾಳವಾಗಿದೆ. ಹೊಸ ಶೂ ತಂದ ದಿನ ಯಾರಿಗೆ ತಾನೆ ನಂಬಿಕೆ ಇರುವುದಿಲ್ಲ? ಕೊರತೆ ಇರುವುದು ಮೂರನೆಯದಕ್ಕೆ. ಜ್ವರ ಬರುತ್ತದೆ, ಆಫೀಸಿನಲ್ಲಿ ಕೆಲಸ ಜಾಸ್ತಿಯಾಗುತ್ತದೆ, ಮಗುವಿಗೆ ಹುಷಾರಿರುವುದಿಲ್ಲ. ವಾರ ತಪ್ಪುತ್ತದೆ. ತಪ್ಪಿದ್ದು ಒಂದು ವಾರ. ನಾವು ಕೈಬಿಡುವುದು ಇಡೀ ವರ್ಷವನ್ನು. "ಹೇಗೂ ಹಾಳಾಯ್ತಲ್ಲ, ಇನ್ನೇನು" ಅನ್ನುವ ಆ ಒಂದು ಯೋಚನೆಯೇ ಜ್ವರಕ್ಕಿಂತ ಹೆಚ್ಚು ನಷ್ಟ ಮಾಡುತ್ತದೆ.

ಲಂಡನ್ನಿನಲ್ಲಿ ಫಿಲಿಪಾ ಲಾಲಿ ಮತ್ತು ಜೊತೆಯವರು 96 ಜನರ ಮೇಲೆ 12 ವಾರ ಒಂದು ಅಧ್ಯಯನ ಮಾಡಿದರು. ಒಂದು ಹೊಸ ಕೆಲಸ ರೂಢಿಯಾಗಲು ಎಷ್ಟು ದಿನ ಬೇಕು ಅಂತ. 21 ದಿನ ಸಾಕು ಅಂತ ಎಲ್ಲರೂ ಹೇಳುತ್ತಾರಲ್ಲ, ಇಲ್ಲಿ ಬಂದ ಉತ್ತರ ಬೇರೆ. ಕೆಲವರಿಗೆ 18 ದಿನ, ಕೆಲವರಿಗೆ, 12 ವಾರದಲ್ಲಿ ಕಂಡದ್ದರ ಮೇಲೆ ಹಾಕಿದ ಅಂದಾಜು 254 ದಿನದವರೆಗೂ ಹೋಯಿತು. ನಡುವಿನ ಅಂಕಿ 66. ನನಗೆ ಇದಕ್ಕಿಂತ ಸಮಾಧಾನ ಕೊಟ್ಟ ಸಂಗತಿ ಇನ್ನೊಂದು: ನಡುವೆ ಒಂದು ದಿನ ತಪ್ಪಿದರೂ ರೂಢಿಯಾಗುವುದಕ್ಕೆ ಹೇಳಿಕೊಳ್ಳುವಂಥ ಅಡ್ಡಿ ಆಗಲಿಲ್ಲ. ಮೈ ಕೂಡ ನಾವು ಅಂದುಕೊಂಡಷ್ಟು ಬೇಗ ಮರೆಯುವುದಿಲ್ಲ. ಮೊದಲ ಸಲ ಬಲ ಗಳಿಸಲು ಹಿಡಿದ ಸಮಯಕ್ಕಿಂತ, ಬಿಟ್ಟು ಮತ್ತೆ ಗಳಿಸಲು ಹಿಡಿಯುವ ಸಮಯ ಸಾಮಾನ್ಯವಾಗಿ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಹದವಾದ ಚಟುವಟಿಕೆ ಅಂತ ಹೇಳುವಾಗ, ಒಮ್ಮೆಗೆ ಕನಿಷ್ಠ ಹತ್ತು ನಿಮಿಷವಾದರೂ ಇರಬೇಕು ಅನ್ನುವ ಹಳೆಯ ಷರತ್ತನ್ನು ತೆಗೆದುಹಾಕಿತು. ಐದು ನಿಮಿಷ ಮೆಟ್ಟಿಲು ಹತ್ತಿದ್ದೂ ಲೆಕ್ಕಕ್ಕೆ ಬರುತ್ತದೆ.

ಸುತ್ತಲಿನವರಿಗೂ ಒಂದು ಮಾತು ಹೇಳಬೇಕು. ಬಾಯಿಮಾತಿನಿಂದ ನಂಬಿಕೆ ಕಟ್ಟುವುದು ಕಷ್ಟ, ಕೆಡಿಸುವುದು ಸುಲಭ. ಬಂಡೂರ ಕೂಡ ಇದನ್ನು ಹೇಳಿದ್ದಾರೆ. ಮೂರು ತಿಂಗಳು ಬೆವರು ಹರಿಸಿದವರನ್ನು "ಏನು, ಹಾಗೇ ಇದ್ದೀಯಲ್ಲ?" ಅಂತ ನಾಲ್ಕು ಜನರ ಮುಂದೆ ಕೇಳಬೇಡಿ. ದಪ್ಪಗಿರುವವರು ಓಡುತ್ತಿದ್ದರೆ ನಗಬೇಡಿ. ಹೊಸಬರನ್ನು ಮೊದಲ ದಿನವೇ ಸುಸ್ತು ಮಾಡಿ ಕಳಿಸುವುದನ್ನು ಕೆಲವು ಟ್ರೇನರ್‌ಗಳು ಹೆಮ್ಮೆ ಅಂದುಕೊಂಡಿದ್ದಾರೆ. ಆ ಮನುಷ್ಯ ಎರಡನೇ ದಿನ ಬರುವುದಿಲ್ಲ. ಬರದಿದ್ದಕ್ಕೆ ಅವನನ್ನೇ ಸೋಮಾರಿ ಅನ್ನುತ್ತೇವೆ. ನನಗೆ ನಿಜಕ್ಕೂ ಸಿಟ್ಟು ಬರುವ ವಿಷಯ ಇದು.

ಇತ್ತೀಚೆಗೆ ಒಬ್ಬ ಸಹೋದ್ಯೋಗಿ, ಬಿಟ್ಟು ತುಂಬಾ ದಿನವಾಯ್ತು, ನಾಳೆಯಿಂದ ದಿನಾ ಮುಕ್ಕಾಲು ಗಂಟೆ ವರ್ಕೌಟ್ ಮಾಡ್ತೀನಿ ಅಂದರು. ಈ ವಾರ ಇದು ನಡೆಯುತ್ತೆ ಅಂತ ಹತ್ತಕ್ಕೆ ಎಷ್ಟು ನಂಬಿಕೆ ಇದೆ ನಿಮಗೆ ಅಂತ ಕೇಳಿದೆ. ಯೋಚಿಸಿ "ನಾಲ್ಕು" ಅಂದರು. ಅರ್ಧ ಗಂಟೆ? "ಐದು." ಊಟ ಆದ ಮೇಲೆ ಹತ್ತು ನಿಮಿಷ ನಡೆಯೋದು, ವಾರಕ್ಕೆ ನಾಲ್ಕು ದಿನ? "ಅಯ್ಯೋ ಅದಾ, ಒಂಬತ್ತು." ಹಾಗಾದ್ರೆ ಅದನ್ನೇ ಮಾಡಿ ಅಂದೆ. ಏಳಕ್ಕಿಂತ ಕಡಿಮೆ ಬಂದರೆ ಗುರಿಯನ್ನು ಸಣ್ಣದು ಮಾಡಿಕೊಳ್ಳಿ ಅನ್ನುವುದು ಆರೋಗ್ಯ ಕ್ಷೇತ್ರದಲ್ಲಿ ಬಳಕೆಯಲ್ಲಿರುವ ಕ್ರಮ, ನಾನು ಕಂಡುಹಿಡಿದದ್ದೇನಲ್ಲ. ಅವರು ಈಗ ನಡೆಯುತ್ತಿದ್ದಾರೆ. ಮಧ್ಯೆ ಒಂದು ವಾರ ತಪ್ಪಿಸಿದರಂತೆ, ಮತ್ತೆ ಹೊರಟರಂತೆ.

ನಿಮ್ಮಲ್ಲೂ ಯಾರಾದರೂ ಹೀಗೆ ಪೂರ್ತಿ ಬಿಟ್ಟು ಮತ್ತೆ ಶುರು ಮಾಡಿದವರಿದ್ದರೆ, ಮರಳಿ ಬಂದ ಮೊದಲ ದಿನ ಎಷ್ಟು ಮಾಡಿದಿರಿ ಅಂತ ಇಲ್ಲಿ ಬರೆಯಿರಿ. ಐದು ನಿಮಿಷ ಅಂತಿದ್ದರೆ ಐದು ನಿಮಿಷ ಅಂತಲೇ ಬರೆಯಿರಿ. ಬಿಟ್ಟು ಕೂತು ಇದನ್ನು ಓದುತ್ತಿರುವವರು ಖಂಡಿತ ಇದ್ದಾರೆ. ಅವರಿಗೆ ನನ್ನ ಇಷ್ಟುದ್ದದ ಮಾತಿಗಿಂತ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ.