ಗೋಡೆ ಮೇಲಿನ ಫೋಟೋ, ಟ್ರಂಕಿನೊಳಗಿನ ಫೋಟೋ

ನಾನಿರುವುದು ಲಾಸ್ ಏಂಜಲೀಸಿನ ವ್ಯಾನ್ ನೈಸ್‌ನಲ್ಲಿ. ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ ಒಬ್ಬರೇ ಇದ್ದಾರೆ. ಅವರ ಹಾಲ್‌ನಲ್ಲಿ ಅಪ್ಪ ಅಮ್ಮನ ಮದುವೆ ಫೋಟೋ ಪಕ್ಕಕ್ಕೇ ಇನ್ನೊಂದು ಚಿತ್ರ ಕಟ್ಟು ಹಾಕಿಸಿ ಇಟ್ಟಿದ್ದಾರೆ. ಹಳೇ ಪತ್ರಿಕೆಯಿಂದ ಹರಿದ ಹಾಳೆ. ಈಜುಡುಗೆ ತೊಟ್ಟ ಹುಡುಗಿ ನಗುತ್ತಿದ್ದಾಳೆ. ನಾಲ್ಕಾಗಿ ಮಡಚಿದ ಗೆರೆ ಅವಳ ಕೆನ್ನೆ ಪಕ್ಕ ಹಾದುಹೋಗಿದೆ. ಮೂಲೆಗಳಲ್ಲಿ ಪಿನ್ನಿನ ತೂತು, ಸುತ್ತ ತುಕ್ಕಿನ ಕಲೆ. ಅಜ್ಜಿಯ ಅಪ್ಪ ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯಲ್ಲಿದ್ದರಂತೆ. "ಅಪ್ಪನ ಜೊತೆ ಯುದ್ಧಕ್ಕೆ ಹೋಗಿ ಬಂದವಳು ಇವಳು" ಅಂತ ಪರಿಚಯ ಮಾಡಿಕೊಟ್ಟರು. ಹುಡುಗಿಯ ಹೆಸರು ಅವರಿಗೂ ಗೊತ್ತಿಲ್ಲ.

ಸೈನಿಕರು ಗೋಡೆಗೆ, ಪೆಟ್ಟಿಗೆಯ ಮುಚ್ಚಳಕ್ಕೆ ಚುಚ್ಚಿಕೊಳ್ಳುತ್ತಿದ್ದ ಇಂಥ ಚಿತ್ರಗಳಿಗೆ ಪಿನ್‌ಅಪ್ ಅಂತಾರೆ. ಆ ಹೆಸರಿಲ್ಲದ ಹುಡುಗಿಯರ ಸಾಲಿನಿಂದಲೇ ಎದ್ದು ಬಂದವಳು ನಾರ್ಮಾ ಜೀನ್. ಜಗತ್ತಿಗೆ ಗೊತ್ತಿರುವ ಹೆಸರು ಮರ್ಲಿನ್ ಮನ್ರೋ, ಹಾಲಿವುಡ್ ನಟಿ. ಆಕೆ ಓದಿದ ಹೈಸ್ಕೂಲೊಂದು ನಮ್ಮ ವ್ಯಾನ್ ನೈಸ್‌ನಲ್ಲೇ ಇದೆ. ಹುಟ್ಟಿದ್ದು 1926ರಲ್ಲಿ, ಇದೇ ಲಾಸ್ ಏಂಜಲೀಸಿನಲ್ಲಿ. ತಾಯಿ ಮಾನಸಿಕ ಕಾಯಿಲೆಯಿಂದ ಆಸ್ಪತ್ರೆ ಸೇರಿದರು. ಮಗು ಅವರಿವರ ಮನೆಯಲ್ಲಿ, ಸ್ವಲ್ಪ ಕಾಲ ಅನಾಥಾಶ್ರಮದಲ್ಲಿ ಬೆಳೆಯಿತು. ಹದಿನಾರು ತುಂಬಿದ ತಿಂಗಳಲ್ಲೇ ಮದುವೆ ಆಗಿಹೋಯಿತು. ಸಾಕುತ್ತಿದ್ದವರು ಬೇರೆ ರಾಜ್ಯಕ್ಕೆ ಹೊರಟಿದ್ದರು, ಹುಡುಗಿಯನ್ನು ಮತ್ತೆ ಅನಾಥಾಶ್ರಮಕ್ಕೆ ಕಳಿಸಬಾರದು ಅನ್ನುವ ಲೆಕ್ಕಾಚಾರ. ನಮ್ಮ ಕಡೆಯ ಹಳೇ ಕಥೆಗಳಂತೆಯೇ ಇದೆ, ಅಲ್ವಾ?

1944ರಲ್ಲಿ ಗಂಡ ಹಡಗಿನಲ್ಲಿದ್ದ. ಆಕೆ ರೇಡಿಯೋಪ್ಲೇನ್ ಅನ್ನುವ ಕಾರ್ಖಾನೆಗೆ ಕೆಲಸಕ್ಕೆ ಸೇರಿದಳು. ಫಿರಂಗಿ ಹೊಡೆಯುವವರು ಗುರಿ ಕಲಿಯಲೆಂದು ಪೈಲಟ್ ಇಲ್ಲದ ಪುಟ್ಟ ವಿಮಾನ ಮಾಡುತ್ತಿದ್ದ ಜಾಗ ಅದು. ಪ್ಯಾರಾಚೂಟ್ ಸರಿಯಿದೆಯಾ ಅಂತ ನೋಡುವುದು, ವಿಮಾನದ ಮೈಗೆ ವಾರ್ನಿಷ್ ಹೊಡೆಯುವುದು ಆಕೆಯ ಕೆಲಸ. ದುಡಿಯುವ ಹೆಂಗಸರ ಫೋಟೋ ತೆಗೆಯಲು ಸೇನೆಯಿಂದ ಡೇವಿಡ್ ಕನೋವರ್ ಅನ್ನುವವನು ಅಲ್ಲಿಗೆ ಬಂದ. ಅಲ್ಲಿಂದ ದಾರಿ ತಿರುಗಿತು. 1945ರ ಆಗಸ್ಟ್ ಹೊತ್ತಿಗೆ ಆಕೆ ಮಾಡೆಲಿಂಗ್ ಏಜೆನ್ಸಿಯಲ್ಲಿದ್ದಳು. ಗುಂಗುರು ಕೂದಲನ್ನು ನೇರ ಮಾಡಿಸಿ ಹೊಂಬಣ್ಣ ಹಾಕಿಸಿಕೊಂಡಳು. ಮರುವರ್ಷದ ಆಗಸ್ಟ್‌ನಲ್ಲಿ ಫಾಕ್ಸ್ ಅನ್ನುವ ಸಿನಿಮಾ ಸ್ಟುಡಿಯೋ ಜೊತೆ ಕರಾರು. ಮನ್ರೋ ಅನ್ನುವುದು ತಾಯಿಯ ತವರಿನ ಹೆಸರು, ಅದನ್ನೇ ಇಟ್ಟುಕೊಂಡಳು. ವರ್ಷ ಕಳೆಯುವಷ್ಟರಲ್ಲಿ ಸ್ಟುಡಿಯೋ ಕೈಬಿಟ್ಟಿತು.

ನನಗೆ ಆಕೆಯ ಬಗ್ಗೆ ಗೌರವ ಹುಟ್ಟಿದ್ದು 1952ರ ಒಂದು ಸಂಗತಿಯಿಂದ. ಕೈಯಲ್ಲಿ ಕೆಲಸವಿಲ್ಲದ 1949ರಲ್ಲಿ ಐವತ್ತು ಡಾಲರಿಗೆ ಬೆತ್ತಲೆ ಫೋಟೋ ತೆಗೆಸಿಕೊಂಡಿದ್ದಳು. ಅದು ಕ್ಯಾಲೆಂಡರಿನಲ್ಲಿ ಬಂತು. ನಟಿಯಾಗಿ ಹೆಸರು ಬರುವ ಹೊತ್ತಿಗೇ ಸುದ್ದಿ ಹೊರಬಿತ್ತು. ಅದು ನಾನೇ, ದುಡ್ಡಿಗೆ ಕಷ್ಟವಿತ್ತು ಅಂತ ಆಕೆ ನೇರವಾಗಿ ಒಪ್ಪಿಕೊಂಡಳು. ಜನ ಛೀ ಅನ್ನಲಿಲ್ಲ, ಅವಳ ಪರ ನಿಂತರು. ಅಮೆರಿಕ ಆಗ ಅಷ್ಟೇನೂ ಧಾರಾಳದ ದೇಶ ಆಗಿರಲಿಲ್ಲ. ಆದರೂ ಹಾಗಾಯಿತು.

ಇಲ್ಲಿಯವರದೆಲ್ಲ ಸರಿ ಅಂತಲ್ಲ. ಚಿತ್ರವನ್ನು ಗೋಡೆಗೆ ಹಾಕಿದರು, ದುಡಿಮೆಯನ್ನು ಮರೆತರು. ಮುಂದೆ ಮತ್ತೆ ಕರೆಸಿಕೊಂಡ ಫಾಕ್ಸ್ ಸ್ಟುಡಿಯೋ ಅವಳಿಗೆ ಬರೀ ಪೆದ್ದು ಸುಂದರಿಯ ಪಾತ್ರ ಕೊಡುತ್ತಿತ್ತು. ಅದಕ್ಕೆ ಬೇಸತ್ತು 1954ರ ಕೊನೆಗೆ ನ್ಯೂಯಾರ್ಕಿಗೆ ಹೋಗಿ ಸ್ವಂತ ನಿರ್ಮಾಣ ಸಂಸ್ಥೆ ಕಟ್ಟಿದಳು. ಆಕ್ಟರ್ಸ್ ಸ್ಟುಡಿಯೋದಲ್ಲಿ ಕೂತು ನಟನೆ ಕಲಿತಳು. ಮರುವರ್ಷ ಫಾಕ್ಸ್‌ನವರೇ ಮಣಿದು ಹೊಸ ಕರಾರು ಕೊಟ್ಟರು. ನಿರ್ದೇಶಕರ ವಿಷಯದಲ್ಲಿ ಆಕೆಯ ಮಾತು ನಡೆಯುವಂಥ ಕರಾರು. ಇದು ಎಷ್ಟು ಜನಕ್ಕೆ ಗೊತ್ತು? 1962ರಲ್ಲಿ ಆಕೆ ಹೇಗೆ ತೀರಿಕೊಂಡಳು ಅನ್ನುವುದು ಮಾತ್ರ ಎಲ್ಲರಿಗೂ ಬೇಕು. ನಾವೂ ನಮ್ಮ ನಟಿ ಕಲ್ಪನಾ ಅವರ ವಿಷಯದಲ್ಲಿ ಅದನ್ನೇ ಮಾಡುತ್ತೇವೆ. ಅವರ ರವಿಕೆ ನೋಡಿ ಹೊಲಿಸಿಕೊಂಡ ತಲೆಮಾರೇ, ಈಗ ಅವರ ಹೆಸರು ಬಂದರೆ 1979ರ ಗೋಟೂರಿನ ಕೊನೆಯ ದಿನಗಳ ಮಾತು ತೆಗೆಯುತ್ತದೆ. ಆ ಅಭಿನಯದ ಮಾತು ಆಮೇಲೆ. ನನಗಿದು ತುಂಬಾ ನೋವಿನ ವಿಷಯ.

ಮನೆಯೊಳಗೆ ಬಂದರೆ ನಾವು ಇನ್ನೂ ಒಂದು ಹೆಜ್ಜೆ ಮುಂದೆ. ನನ್ನ ದೊಡ್ಡವ್ವ ಮದುವೆಗೆ ಮುಂಚೆ ಗದಗದ ಕಡೆ ನಾಟಕ ಕಂಪನಿಯಲ್ಲಿ ಪಾರ್ಟು ಮಾಡುತ್ತಿದ್ದಳು. ಕ್ಯಾಂಪ್ ಹಾಕಿದ ಊರೂರಿಗೆ ತಿರುಗಿ, ತಂಗಿಯರ ಓದಿಗೆ ದುಡ್ಡು ಕಳಿಸಿದವಳು ಅವಳೇ. ನಮ್ಮವ್ವ ಟೀಚರ್ ಆಗಿದ್ದು ಆ ದುಡ್ಡಿನಿಂದ. ಆದರೂ ಅವಳ ಒಂದು ಫೋಟೋ ಗೋಡೆ ಮೇಲಿರಲಿಲ್ಲ. ವೇಷ ಹಾಕಿದ ಒಂದೇ ಒಂದು ಫೋಟೋ ಟ್ರಂಕಿನ ತಳದಲ್ಲಿ, ಇಳಕಲ್ ಸೀರೆಯ ಕೆಳಗೆ ಬೋರಲು ಬಿದ್ದಿತ್ತು. "ನಾಟಕದಾಕಿ" ಅನ್ನುವ ಮಾತು ಬರಬಾರದು, ಮಕ್ಕಳ ಮದುವೆಗೆ ತೊಂದರೆ ಆಗಬಾರದು ಅಂತ. ಮದುವೆಗಳೆಲ್ಲ ಮುಗಿದು ಇಪ್ಪತ್ತು ವರ್ಷ ಆದರೂ ಅದು ಟ್ರಂಕಿನಲ್ಲೇ ಇತ್ತು.

ಹೋದ ಸಲ ಊರಿಗೆ ಹೋದಾಗ ಅದನ್ನು ತಂದೆ. ಒಂದು ಮೂಲೆ ಗೆದ್ದಲು ತಿಂದಿದೆ. ಹಣೆಯ ಬಾಸಿಂಗ, ತೋಳಬಂದಿ ಎಲ್ಲ ಚೆನ್ನಾಗಿ ಕಾಣುತ್ತದೆ. ಕಟ್ಟು ಹಾಕಿಸಿ ಬಾಗಿಲ ಎದುರಿಗೇ ಹಾಕಿದ್ದೇನೆ. ಪಕ್ಕದ ಮನೆ ಅಜ್ಜಿ ಬಂದು ಬಹಳ ಹೊತ್ತು ನೋಡಿದರು.

ವಿಡಿಯೋ ಕಾಲ್‌ನಲ್ಲಿ ಅವ್ವನ ಕಣ್ಣಿಗೆ ಅದು ಬಿತ್ತು. "ಅದನ್ಯಾಕ ಹೊರಗ ಹಾಕೀಯೋ?" ಅಂದಳು. ಮಗಳು ಮಧ್ಯ ಬಾಯಿ ಹಾಕಿ, ಇದು ಯಾವ ವೇಷ ಅಂತ ಕೇಳಿದಳು. ಅವ್ವ ಸ್ವಲ್ಪ ಹೊತ್ತು ಸುಮ್ನಿದ್ದಳು.

"ಸುಭದ್ರಾ ಪಾರ್ಟ್ ಅದು" ಅಂದಳು. "ಆ ದಿನ ನಾನೂ ಹೋಗಿದ್ದೆ ನೋಡಾಕ."